ಮಗಳ ಎತ್ತರ ಅಳೆದು ಶುರು ಮಾಡಿದ ಥೀಮ್ ಪಾರ್ಕ್ ಪ್ರವಾಸ

ಟಿಕೆಟ್ ಬುಕ್ ಮಾಡುವ ಮೊದಲು ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿಸಿ. ತಲೆ ಮೇಲೆ ಒಂದು ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಟೇಪ್ ಹಿಡಿದು ನೋಡಿದರೆ 99 ಸೆಂಟಿಮೀಟರ್. ನಮ್ಮ ಇಡೀ ಪ್ರವಾಸದ ಲೆಕ್ಕ ಆ ಗೆರೆಯಿಂದಲೇ ಶುರುವಾಯಿತು.

ಹಿಂದಿನ ವರ್ಷ ಬೇರೊಂದು ಪಾರ್ಕಿಗೆ ಹೋದಾಗ ಇದನ್ನು ನೋಡಿರಲಿಲ್ಲ. ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತು ಬಾಗಿಲ ಹತ್ತಿರ ಬಂದರೆ, ಅಳತೆಗೋಲು ಅವಳ ತಲೆಗಿಂತ ನಾಲ್ಕು ಬೆರಳು ಮೇಲಿತ್ತು. ಅಣ್ಣ ಒಳಗೆ ಹೋದ, ಇವಳು ಹೊರಗೆ ಉಳಿದಳು. ಆ ಅಳು ಇನ್ನೂ ನನ್ನ ಕಿವಿಯಲ್ಲಿದೆ.

ಎತ್ತರದ ಮಿತಿ ಪ್ರತಿ ರೈಡಿಗೂ ಬೇರೆ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲೇ ನೋಡಿ, ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 97 ಸೆಂಟಿಮೀಟರ್ ಸಾಕು, ಸ್ಪೇಸ್ ಮೌಂಟನ್‌ಗೆ 112 ಬೇಕು. ಆದ್ದರಿಂದ ಈ ಸಲ ಪಾರ್ಕಿನ ವೆಬ್‌ಸೈಟ್ ತೆರೆದು, ಮಗಳು ಹತ್ತಬಹುದಾದ ರೈಡುಗಳನ್ನು ಒಂದೊಂದಾಗಿ ಬರೆದುಕೊಂಡೆ. ಒಂದು ಪಾರ್ಕಿನಲ್ಲಿ ಅವಳಿಗೆ ಆರೇ ರೈಡು ಸಿಕ್ಕಿತು. ಅದನ್ನು ಬಿಟ್ಟೆವು. ಹದಿನಾಲ್ಕು ಸಿಕ್ಕ ಪಾರ್ಕನ್ನು ಆರಿಸಿಕೊಂಡೆವು.

ವಯಸ್ಸಿನ ನಿಯಮವೂ ಹಾಗೆಯೇ. ಡಿಸ್ನಿ ವರ್ಲ್ಡ್‌ನಲ್ಲಿ 3 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಟೋಕಿಯೋ ಡಿಸ್ನಿಲ್ಯಾಂಡ್‌ನಲ್ಲಿ 4 ತುಂಬುವವರೆಗೂ ಬೇಡ. ನಾವು ಆರಿಸಿದ ಪಾರ್ಕಿನಲ್ಲಿ 10 ತುಂಬಿದರೆ ದೊಡ್ಡವರ ಟಿಕೆಟ್. ಮಗನಿಗೆ ಹತ್ತು ತುಂಬಲು ಇನ್ನೂ ಎರಡು ತಿಂಗಳಿತ್ತು. ಅಷ್ಟರೊಳಗೆ ಹೋಗಿ ಬಂದೆವು.

ಇನ್ನು ದುಡ್ಡಿನ ವಿಷಯ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿದೆ: ಟಿಕೆಟ್, ಪ್ರಯಾಣ ಮತ್ತು ವಸತಿ, ಊಟ, ಪಾರ್ಕಿನೊಳಗಿನ ಚಿಲ್ಲರೆ. ಮೊದಲ ಮೂರನ್ನು ಯಾರಾದರೂ ಲೆಕ್ಕ ಹಾಕುತ್ತಾರೆ. ಕೈ ಸುಡುವುದು ನಾಲ್ಕನೆಯದರಲ್ಲಿ. ಹಿಂದಿನ ಪ್ರವಾಸದ ರಸೀದಿಗಳನ್ನು ಹರಡಿಕೊಂಡು ಕೂಡಿಸಿದಾಗ ಗೊತ್ತಾಯಿತು. ಪಾರ್ಕಿಂಗ್, ಲಾಕರ್, ಮಗು ತಳ್ಳುವ ಗಾಡಿಯ ಬಾಡಿಗೆ, ಫೋಟೋ, ರೇನ್‌ಕೋಟ್, ಆಟಿಕೆ. ಒಂದೊಂದೂ ಚಿಕ್ಕದು. ಎಲ್ಲ ಸೇರಿ ಟಿಕೆಟ್‌ಗೆ ಕೊಟ್ಟಿದ್ದರ ಅರ್ಧಕ್ಕೆ ಬಂದಿತ್ತು! ಹಾಗಾಗಿ ಈ ಸಲ ರೇನ್‌ಕೋಟ್, ನೀರಿನ ಬಾಟಲಿ, ಮಡಚುವ ಗಾಡಿ ಮನೆಯಿಂದಲೇ ಹೊರಟವು. ಹೊರಗಿನ ತಿಂಡಿ ಒಳಗೆ ಬಿಡುತ್ತಾರಾ ಅಂತ ಮೊದಲೇ ನೋಡಿಕೊಂಡೆ. ಕೆಲವು ಪಾರ್ಕು ಬಿಡುತ್ತವೆ, ಕೆಲವು ಬಿಡುವುದಿಲ್ಲ.

ಟಿಕೆಟ್‌ನಲ್ಲಿ ಉಳಿತಾಯ ಆಗಿದ್ದು ತಾರೀಖಿನಿಂದ. ಈಗ ಎಷ್ಟೋ ದೊಡ್ಡ ಪಾರ್ಕುಗಳಲ್ಲಿ ದಿನಕ್ಕೊಂದು ದರ. ರಜೆಯಲ್ಲಿ, ವಾರಾಂತ್ಯದಲ್ಲಿ ಜಾಸ್ತಿ. ಮಂಗಳವಾರ ಮತ್ತು ಗುರುವಾರ ಹೋದೆವು, ನಡುವೆ ಬುಧವಾರ ಪೂರ್ತಿ ವಿಶ್ರಾಂತಿ. ನಾಲ್ಕು ದಿನದ ಟಿಕೆಟ್ ತಗೊಂಡರೆ ದಿನದ ಲೆಕ್ಕದಲ್ಲಿ ಅಗ್ಗ ಅನ್ನೋದು ನಿಜ. ಆದರೆ ಒಟ್ಟು ಹಣ ಹೆಚ್ಚೇ ಆಗುತ್ತದೆ ಅಲ್ವಾ? ನಾಲ್ಕು ವರ್ಷದ ಮಗುವಿಗೆ ನಾಲ್ಕು ದಿನದ ನಡಿಗೆ ಆಗದ ಮಾತು.

ಒಂದು ಕಡೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡಿದೆ. ಗೇಟಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಹೋಟೆಲ್ ಹಿಡಿದೆ. ದೂರದ್ದು ಅಗ್ಗವಿತ್ತು. ಆದರೆ ಮಧ್ಯಾಹ್ನ ವಾಪಸ್ ಬಂದು ಮಕ್ಕಳನ್ನು ಮಲಗಿಸಲು ಆಗುತ್ತಿರಲಿಲ್ಲ. ಆ ಎರಡು ಗಂಟೆ ನಿದ್ದೆ ಇಲ್ಲದಿದ್ದರೆ ಸಂಜೆಯ ಮೆರವಣಿಗೆ, ದೀಪದಾಟ ಎಲ್ಲ ರಂಪದಲ್ಲೇ ಮುಗಿಯುತ್ತದೆ. ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಪಾಸ್ ನಾವು ತಗೊಳ್ಳಲಿಲ್ಲ. ಅದರ ಬದಲು ಗೇಟು ತೆರೆಯುವ 45 ನಿಮಿಷ ಮೊದಲೇ ಹೋಗಿ ನಿಂತೆವು. ಮೊದಲ ಎರಡು ಗಂಟೆಯಲ್ಲಿ ಆರು ರೈಡು ಆಯಿತು. ಹನ್ನೊಂದರ ನಂತರ ಒಂದೊಂದಕ್ಕೂ ಗಂಟೆಗಟ್ಟಲೆ ಕಾಯಬೇಕಿತ್ತು.

ಮಗನಿಗೆ ಮಾತ್ರ ಅಳತೆ ಸರಿಹೋಗುವ ರೈಡು ಬಂದಾಗ ಸರದಿ ಬದಲಾಯಿಸುವ ಸೌಲಭ್ಯ ಕೇಳಿದೆವು. ಡಿಸ್ನಿಯಲ್ಲಿ ಇದಕ್ಕೆ ರೈಡರ್ ಸ್ವಿಚ್ ಅಂತಾರೆ, ಯೂನಿವರ್ಸಲ್‌ನಲ್ಲಿ ಚೈಲ್ಡ್ ಸ್ವಾಪ್. ಮಗನನ್ನು ಕರೆದುಕೊಂಡು ನಮ್ಮ ಯಜಮಾನರು ಹೋಗಿ ಬಂದರು, ನಾನು ಮಗಳ ಜೊತೆ ಕೂತಿದ್ದೆ. ಆಮೇಲೆ ಇವರು ಮಗಳನ್ನು ನೋಡಿಕೊಂಡರು, ನಾನು ಮತ್ತೆ ಉದ್ದದ ಕ್ಯೂ ನಿಲ್ಲದೆ ಹೋದೆ. ಇದಕ್ಕೆ ಬೇರೆ ದುಡ್ಡಿಲ್ಲ. ಬಾಗಿಲಲ್ಲಿರುವ ಸಿಬ್ಬಂದಿಯನ್ನು ಕೇಳಬೇಕು, ಅಷ್ಟೇ. ಸುಮ್ನೆ ನಿಂತರೆ ಯಾರೂ ತಾವಾಗಿ ಹೇಳುವುದಿಲ್ಲ.

ಆಟಿಕೆಗೆ ಇಬ್ಬರಿಗೂ ಒಂದೊಂದು ಚಿಕ್ಕ ಚೀಲದಲ್ಲಿ ಸಮನಾದ ಹಣ ಹಾಕಿ ಕೊಟ್ಟಿದ್ದೆ. ಮುಗಿದರೆ ಮುಗಿಯಿತು, ಮತ್ತೆ ಕೇಳುವಂತಿಲ್ಲ. ಮಗ ಬೆಳಕು ಮಿನುಗುವ ಕತ್ತಿಯೊಂದನ್ನು ಮೂರು ಅಂಗಡಿಯಲ್ಲಿ ಎತ್ತಿ ನೋಡಿದ. ಚೀಲ ಬಿಚ್ಚಿ ಎಣಿಸಿದ, ವಾಪಸ್ ಇಟ್ಟ. ಕೊನೆಗೆ ಎರಡನೇ ಸಂಜೆ ಒಂದು ಟೋಪಿ ತಗೊಂಡ. ಅದನ್ನು ಇವತ್ತಿಗೂ ಹಾಕಿಕೊಳ್ಳುತ್ತಾನೆ.

ಗುರುವಾರ ಬೆಳಿಗ್ಗೆ ಮೊದಲ ರೈಡಿಗೇ ಮಗಳನ್ನು ಕರೆದುಕೊಂಡು ಹೋದೆ. ಬೋರ್ಡಿನಲ್ಲಿ 97 ಅಂತ ಇತ್ತು. ಅವಳು ಅಳತೆಗೋಲಿನ ಕೆಳಗೆ ಕತ್ತು ಸೆಟೆಸಿ, ಕೈ ಎರಡೂ ಪಕ್ಕಕ್ಕೆ ಒತ್ತಿ ನಿಂತಳು. ಗೋಲು ಕೂದಲಿಗೆ ತಾಗಿತು. ಸಿಬ್ಬಂದಿ ನಕ್ಕು ಒಳಗೆ ಹೋಗು ಅಂತ ಕೈ ತೋರಿಸಿದರು. ಅವಳು ನನ್ನ ಕೈ ಬಿಟ್ಟು ಓಡಿದಳು.