ಗಂಧಕ ಸುರಿದು ಬಂದೂಕಿನ ಚೇಂಬರ್ ಅಳೆದೆ: ನನ್ನ ಅನುಭವ

"ತೋಟಾ ಸಲೀಸಾಗಿ ಕೂತರೆ ಸಾಕು, ಅಳತೆ ಯಾಕೆ?" ಹುಬ್ಬಳ್ಳಿಯ ನಮ್ಮ ಬಂದೂಕು ರಿಪೇರಿ ಅಂಗಡಿಯಲ್ಲಿ ಚೇಂಬರ್ ಬಗ್ಗೆ, ಅಂದರೆ ನಳಿಕೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗದ ಬಗ್ಗೆ, ಇದನ್ನು ಕೇಳಿ ಕೇಳಿ ಸಾಕಾಗಿತ್ತು. ನಮ್ಮ ಕಸುಬಿನವರೇ ಹೀಗೆ ಅಂತಿದ್ದರು.

ಹೋದ ವರ್ಷ ಕಲಘಟಗಿ ಕಡೆಯ ರೈತರೊಬ್ಬರು ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಕೆ ತಂದರು. 12 ಬೋರ್, ಬೆಳೆ ಕಾಯುವ ಲೈಸೆನ್ಸ್. ಹೊಡೆದರೆ ಭುಜಕ್ಕೆ ಜಾಸ್ತಿ ಒದೆಯುತ್ತೆ, ಖಾಲಿ ತೋಟಾದ ಬಾಯಿ ಹರಿದಿರುತ್ತೆ ಅಂದರು. ಹಾಕುತ್ತಿದ್ದದ್ದು 70 ಮಿ.ಮೀ. ತೋಟಾ. ನಳಿಕೆಯಡಿ ವಜ್ರಾಕಾರದೊಳಗೆ 12, ಅದರ ಕೆಳಗೆ ಸಿ. ಆ ಗುರುತು ಚೇಂಬರ್ 3 ಇಂಚಿಗಿಂತ (76 ಮಿ.ಮೀ.) ಗಿಡ್ಡ ಅಂತಷ್ಟೇ ಹೇಳುತ್ತೆ, 65 ಮಿ.ಮೀ. ಇದೆಯೋ 70 ಇದೆಯೋ ತಿಳಿಯಲ್ಲ.

70ರ ಹೊಸ ತೋಟಾ ಬಾಯಿ ಮಡಚಿದ್ದಾಗ 60 ಮಿ.ಮೀ. ಆಸುಪಾಸು ಇರುತ್ತೆ. 70 ಅನ್ನೋದು ಹಾರಿದ ಮೇಲೆ ಬಾಯಿ ಬಿಚ್ಚಿದ ಉದ್ದ. ಹಾಗಾಗಿ 65ರ ಚೇಂಬರಿನಲ್ಲೂ ಅದು ಕೂರುತ್ತೆ, ಬಿಚ್ಚುವಾಗ ಕೋನಿನೊಳಗೆ (ಚೇಂಬರ್ ಮುಗಿದು ನಳಿಕೆ ಕಿರಿದಾಗುವ ಜಾಗ) ನುಗ್ಗಿ ಒತ್ತಡ ಏರಿಸುತ್ತೆ.

ಅಳೆಯೋ ಗೇಜ್ ನನ್ನ ಹತ್ತಿರ ಇರಲಿಲ್ಲ, ತರಿಸಲು ಸಾವಿರಾರು ರೂಪಾಯಿ ಕೇಳಿದರು. ಚೇಂಬರಿನ ಅಚ್ಚು ತೆಗೆದು ಅದನ್ನೇ ಅಳೆಯೋಣ ಅಂತ ಮೊದಲು ಮೇಣ ಸುರಿದೆ. ಆರಿದಾಗ ಕುಗ್ಗಿತು, ಅಳತೆ ನಂಬುವಂತಿರಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿದೆ, ಅಂಟಿಕೊಂಡಿತು. ಬಿಡಿಸಲು ಅರ್ಧ ದಿನ, ಮೇಲೆ ತುಕ್ಕು ಬೇರೆ. ಬ್ಯಾಡಗಿ ಕಡೆ ಮೆಣಸಿನಕಾಯಿಗೆ ಹೊಡೆಯುವ ಗಂಧಕದ ಪುಡಿ ಕರಗಿಸಿದೆ. ಅದರಲ್ಲಿ ಬೇರೆ ಏನೇನೋ ಸೇರಿಸಿರುತ್ತಾರೆ, ಅಚ್ಚು ಚೂರು ಚೂರಾಯಿತು. ಮೂರು ಸಲ ಸೇರಿ ಸುಮಾರು 900 ರೂಪಾಯಿ ಹೋಯಿತು.

ಕಡೆಗೆ ಶುದ್ಧ ಗಂಧಕದ ಕಡ್ಡಿ ತಂದೆ, ಅರ್ಧ ಕಿಲೋಗೆ 150ರ ಆಸುಪಾಸು. ಸಣ್ಣ ಉರಿಯಲ್ಲಿ ಕರಗಿಸಬೇಕು. 120 ಡಿಗ್ರಿ ಹತ್ತಿರ ತೆಳ್ಳಗೆ, ಹಳದಿಯಾಗಿ ಹರಿಯುತ್ತೆ. 160 ದಾಟಿತೋ, ಕಪ್ಪಾಗಿ ಅಂಟಾಗುತ್ತೆ, ಸುರಿಯೋಕೇ ಬರಲ್ಲ. ನನಗೆ ಎರಡು ಸಲ ಹಾಗಾಯಿತು. ಒಮ್ಮೆ ಉರಿಯೇ ಹತ್ತಿತು, ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಈಗ ಅಂಗಳದಲ್ಲೇ ಮಾಡುತ್ತೇನೆ. ಚೇಂಬರಿನ ಮುಂದೆ ಬಟ್ಟೆ ತುರುಕಿ, ಒಳಗೆ ತೆಳು ಎಣ್ಣೆ ಸವರಿ, ಒಂದೇ ಧಾರೆಯಲ್ಲಿ ಸುರಿಯಿರಿ. ಗ್ರಾಫೈಟ್ ಎಷ್ಟು ಬೆರೆಸುತ್ತೇನೆ, ಅಚ್ಚು ಹೇಗೆ ಬಿಡಿಸುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಅಚ್ಚು ತೆಗೆದ ಕೂಡಲೇ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಇಟ್ಟೆ. ಅಡ್ಡಗಲ ಚೇಂಬರ್ ಬಾಯಿ 20.3 ಮಿ.ಮೀ., ಬೋರ್ ಅಂದರೆ ನಳಿಕೆಯ ಒಳಭಾಗ 18.5ರ ಹತ್ತಿರ. ಚೇಂಬರ್ ಮುಗಿಯುವ ಮೆಟ್ಟಿಲು ಸ್ಪಷ್ಟವಾಗಿ ಕಾಣಿಸಿತು. ಉದ್ದ 65! ನಕ್ಕವರನ್ನೆಲ್ಲ ಕರೆದು ಅಚ್ಚು ಕೈಗೆ ಕೊಟ್ಟೆ.

ಆಮೇಲೆ ಹನ್ನೊಂದು ಬಂದೂಕು ಅಳೆದೆ. ನಾಲ್ಕು 65ರವೇ. ಮಾಲೀಕರೆಲ್ಲ 70 ಹಾಕುತ್ತಿದ್ದರು. ಕಲಘಟಗಿಯವರು ಈಗ 65 ಮಾತ್ರ ತರುತ್ತಾರೆ. ಖಾಲಿ ತೋಟಾ ತೋರಿಸಿದರು, ಬಾಯಿ ಎಲ್ಲೂ ಹರಿದಿಲ್ಲ.