ಮೋಟಾರ್ ನಿಂತದ್ದು ಯಾರ ಮಾತಿಗೆ?

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ನನ್ನ ಕೆಲಸ. ಸೀಸನ್‌ನಲ್ಲಿ ಲಾರಿ ಮೇಲೆ ಲಾರಿ ಬರುತ್ತದೆ, ಯಾವ ಮೆಷಿನ್ನನ್ನೂ ನಿಲ್ಲಿಸಿ ಅಂತ ಕೇಳುವ ಹಾಗಿಲ್ಲ. ಹಾಗಾಗಿ ಮೋಟಾರುಗಳ ವೇಗ ನಿಯಂತ್ರಿಸುವ ಡ್ರೈವ್‌ಗಳ ಸೇಫ್ಟಿ ಟೆಸ್ಟ್ ಮಳೆಗಾಲಕ್ಕೇ. ಹೊರಗೆ ಪುನರ್ವಸು ಮಳೆ, ಒಳಗೆ ನಾನು, ಒಬ್ಬ ಹೆಲ್ಪರ್ ಹುಡುಗ, ಒಂದು ಫ್ಲಾಸ್ಕ್ ಕಾಫಿ.

ಮೊದಲೆಲ್ಲಾ ಟೆಸ್ಟ್ ಅಂದರೆ ಇಷ್ಟೇ. ಮೆಷಿನ್ ಓಡಿಸು, ಕೆಂಪು ಬಟನ್ ಒತ್ತು, ನಿಂತಿತಾ? ರಿಜಿಸ್ಟರ್‌ನಲ್ಲಿ ಟಿಕ್. ಹದಿನಾಲ್ಕು ಡ್ರೈವ್, ಒಂದು ಗಂಟೆ.

ಒಂದು ವರ್ಷ ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಪಕ್ಕ ನಿಂತಿದ್ದೆ. ಹುಡುಗ ಬಟನ್ ಒತ್ತಿದ, ಮೋಟಾರ್ ನಿಂತಿತು, ಅವನು ಪೆನ್ ತೆಗೆದ. ನನ್ನ ಕಿವಿಗೆ ಮಾತ್ರ ಏನೋ ಸರಿಹೋಗಲಿಲ್ಲ. ಡ್ರೈವ್‌ನಲ್ಲಿ ಓಡುವ ಮೋಟಾರಿಗೆ ಒಂದು ಸಣ್ಣ ಸಿಳ್ಳೆ ಇರುತ್ತದೆ, ಅಲ್ವಾ? ಮೋಟಾರಿಗೆ ತಿರುಗುವ ಬಲ ಸಿಗದ ಹಾಗೆ ಮಾಡುವ ಸೇಫ್ ಟಾರ್ಕ್ ಆಫ್, ಅಂದರೆ ಎಸ್‌ಟಿಒ ಬಿದ್ದರೆ ಆ ಸಿಳ್ಳೆ ಕತ್ತರಿಸಿದ ಹಾಗೆ ನಿಲ್ಲಬೇಕು. ಆಮೇಲೆ ಬರೀ ಬೇರಿಂಗ್, ಬೆಲ್ಟ್ ಸದ್ದು. ಮೋಟಾರ್ ತನ್ನ ಪಾಡಿಗೆ ಸುತ್ತಿ ಸುಸ್ತಾಗಿ ನಿಲ್ಲುತ್ತದೆ. ಇಲ್ಲಿ ಸಿಳ್ಳೆ ಕೊನೇತನಕ ಇತ್ತು, ಆರೇ ಸೆಕೆಂಡಿಗೆ ನೀಟಾಗಿ ಇಳಿದು ನಿಂತಿತು.

"ಇನ್ನೊಂದ್ಸಲ ಒತ್ತು" ಅಂದೆ.

"ನಿಂತಿತಲ್ಲ ಅಣ್ಣ?"

ಕೀಪ್ಯಾಡ್ ನೋಡಿದೆವು. ಎಸ್‌ಟಿಒ ಅಂತ ಬರಬೇಕಿತ್ತು. ಸ್ಟಾಪ್ ಅಂತ ಮಾತ್ರ ಇತ್ತು.

ಐಸೋಲೇಟರ್ ಆಫ್ ಮಾಡಿ, ಕೆಪಾಸಿಟರ್ ಖಾಲಿಯಾಗುವವರೆಗೆ ಕಾದು, ಮೀಟರ್ ಇಟ್ಟು ನೋಡಿ ಕವರ್ ತೆಗೆದೆ. ಎಸ್‌ಟಿಒ ಟರ್ಮಿನಲ್‌ಗಳಲ್ಲಿ ಡ್ರೈವ್ ಜೊತೆ ಬಂದ ಜಂಪರ್, ಅಂದರೆ ಟರ್ಮಿನಲ್‌ಗಳನ್ನು ನೇರವಾಗಿ ಸೇರಿಸಿಬಿಡುವ ತುಂಡು, ಹಾಗೇ ಕೂತಿತ್ತು. ಬಟನ್‌ನಿಂದ ಬಂದ ವೈರುಗಳು ಟೇಪ್ ಸುತ್ತಿಕೊಂಡು ಟ್ರಂಕಿಂಗ್‌ನಲ್ಲಿ ಮಲಗಿದ್ದವು. ಬಟನ್‌ನ ಇನ್ನೊಂದು ಕಾಂಟ್ಯಾಕ್ಟ್ ಮೆಷಿನ್‌ಗಳನ್ನು ನಡೆಸುವ ಕಂಟ್ರೋಲರ್‌ಗೆ, ಅಂದರೆ ಪಿಎಲ್‌ಸಿಗೆ ಹೋಗಿತ್ತು. ಸ್ಟಾಪ್ ಕೊಡುತ್ತಿದ್ದದ್ದು ಅದು. ಹಿಂದಿನ ಫೆಬ್ರವರಿಯಲ್ಲಿ ಹಳೇ ಡ್ರೈವ್ ಸುಟ್ಟಾಗ ರಾತ್ರೋರಾತ್ರಿ ಹೊಸದು ಕೂರಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ಎಸ್‌ಟಿಒ ಇರುವುದೇ ಪಿಎಲ್‌ಸಿಯನ್ನೂ ಡ್ರೈವ್‌ನ ಸಾಫ್ಟ್‌ವೇರನ್ನೂ ನಂಬದೇ ಇರುವುದಕ್ಕೆ. ಮೋಟಾರಿಗೆ ಕರೆಂಟು ಕೊಡುವ ಎಲೆಕ್ಟ್ರಾನಿಕ್ ಸ್ವಿಚ್‌ಗಳಾದ ಐಜಿಬಿಟಿಗಳಿಗೆ ಹೋಗುವ ಪಲ್ಸನ್ನೇ ಎರಡು ಚಾನೆಲ್‌ನಲ್ಲಿ ತಡೆಯುತ್ತದೆ. ಹಾಗಂತ ಕರೆಂಟು ಹೋಗಲ್ಲ. 415 ವೋಲ್ಟ್ ಸಪ್ಲೈಗೆ ಡ್ರೈವ್ ಒಳಗಿನ ಡಿಸಿ ಬಸ್‌ನಲ್ಲಿ ಸುಮಾರು 580 ವೋಲ್ಟ್ ಇದ್ದೇ ಇರುತ್ತದೆ. ಎಸ್‌ಟಿಒ ಬಿದ್ದಿದೆ ಅಂತ ಮೋಟಾರಿನ ಟರ್ಮಿನಲ್ ಬಾಕ್ಸ್ ಬಿಚ್ಚುವವರನ್ನು ನೋಡಿದ್ದೇನೆ. ಬೇಡ ಮಾರಾಯ್ರೆ.

ಅಲ್ಲಿಂದ ಮುಂದೆ ಎರಡು ಚಾನೆಲ್‌ಗಳನ್ನೂ ಬೇರೆ ಬೇರೆಯಾಗಿ ನೋಡತೊಡಗಿದೆ. 24 ವೋಲ್ಟ್‌ನ ಆ ವೈರುಗಳಿಗೆ ಪ್ಯಾನೆಲ್ ಹೊರಗೆ ಬೀಗ ಹಾಕುವ ಚಿಕ್ಕ ಡಬ್ಬಿ, ಅದರೊಳಗೆ ಡಿಸ್‌ಕನೆಕ್ಟ್ ಟರ್ಮಿನಲ್. ಒಂದು ಚಾನೆಲ್ ತೆರೆದರೂ ಡ್ರೈವ್ ಮೋಟಾರನ್ನು ಬಿಡಬೇಕು, ಎರಡೂ ಹೊಂದುತ್ತಿಲ್ಲ ಅಂತ ಡ್ರೈವ್ ಫಾಲ್ಟ್ ತೋರಿಸಬೇಕು. ಬಟನ್ ವಾಪಸ್ ಎಳೆದಾಗ ರನ್ ಸಿಗ್ನಲ್ ಇದ್ದರೂ ತಾನಾಗಿ ಹೊರಡಬಾರದು. ಪಿಎಲ್ ಡಿ ಅನ್ನುವ ಸುರಕ್ಷತಾ ಮಟ್ಟಕ್ಕೆ ಇಂಥ ಟೆಸ್ಟ್ ಕನಿಷ್ಠ 12 ತಿಂಗಳಿಗೊಮ್ಮೆ ಆಗಬೇಕು, ನಮ್ಮದು ಅಷ್ಟರೊಳಗೆ ಬರುತ್ತದೆ.

ಬಕೆಟ್ ಎಲಿವೇಟರ್‌ನಲ್ಲಿ ಚಾನೆಲ್ ತೆರೆಯುವ ಮೊದಲೇ, ಬರೀ ಬಟನ್‌ಗೇ ಆ ಫಾಲ್ಟ್ ಬಂತು. "ಅದು ಯಾವಾಗ್ಲೂ ಹಾಗೇ, ಪವರ್ ಆಫ್ ಮಾಡಿ ಆನ್ ಮಾಡಿದ್ರೆ ಹೋಗುತ್ತೆ" ಅಂದರು ಆಪರೇಟರ್. ಇಡೀ ಸೀಸನ್ ಹಾಗೇ ಮಾಡಿದ್ದಾರೆ! ಬಟನ್ ಡಬ್ಬಿ ಬಿಚ್ಚಿದರೆ ಒಂದು ಕಾಂಟ್ಯಾಕ್ಟ್ ಬ್ಲಾಕ್ ಕ್ಲಿಪ್‌ನಿಂದ ಕಳಚಿ ವೈರಿಗೆ ನೇತಾಡುತ್ತಿತ್ತು. ಎನ್‌ಸಿ, ಅಂದರೆ ಒತ್ತದೇ ಇದ್ದಾಗ ಮುಚ್ಚಿರುವ ಕಾಂಟ್ಯಾಕ್ಟ್ ನೋಡಿ, ನೇತಾಡುತ್ತಾ ಇದ್ದರೂ ಮುಚ್ಚಿಕೊಂಡೇ ಇರುತ್ತದೆ. ಎಷ್ಟು ಒತ್ತಿದರೂ ಅದು ತೆರೆಯುವುದೇ ಇಲ್ಲ. ಕಳಚಿದರೆ ತಾನೇ ಸರ್ಕ್ಯೂಟ್ ತೆರೆಯುವ ಬಗೆಯ ಬ್ಲಾಕ್ ಹಾಕಿದೆ. ಎಸ್‌ಟಿಒ ಮೋಟಾರನ್ನು ಬಿಡುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲವಲ್ಲ, ತುಂಬಿದ ಬಕೆಟ್ ಹಿಂದಕ್ಕೆ ಜಾರದ ಹಾಗೆ ತಡೆಯುವ ಬ್ಯಾಕ್‌ಸ್ಟಾಪನ್ನೂ ಅದೇ ದಿನ ನೋಡಿದೆ.

ಹಲ್ಲರ್ ವೈರಿಂಗ್ ಸರಿಮಾಡಿ ಮತ್ತೆ ಓಡಿಸಿದೆವು. ಬಟನ್ ಒತ್ತಿದ. ಸಿಳ್ಳೆ ಪಟ್ ಅಂತ ಹೋಯಿತು. ನಾನು ಖುಷಿಯಲ್ಲಿದ್ದೆ. ಹುಡುಗ ಮೊಬೈಲ್‌ನಲ್ಲಿ ಲೆಕ್ಕ ಹಾಕುತ್ತಿದ್ದ. ಪುಲ್ಲಿ ನಿಲ್ಲಲು 19 ಸೆಕೆಂಡ್.

"ಅಣ್ಣ, ಮೊದಲಿಂದೇ ಬೇಗ ನಿಲ್ತಿತ್ತಲ್ಲ?"

ಅವನು ಹೇಳಿದ್ದು ಸರಿ. ಬೆಲ್ಟಿಗೆ ಕೈ ಸಿಕ್ಕವನಿಗೆ 19 ಸೆಕೆಂಡ್ ಜಾಸ್ತಿ. ಕೂತು ಕಾಫಿ ಕುಡಿದು ಯೋಚಿಸಿ, ವಾರದೊಳಗೆ ಟೈಮರ್ ಇರುವ ಸೇಫ್ಟಿ ರಿಲೇ ತರಿಸಿದೆ. ಈಗ ಬಟನ್ ಒತ್ತಿದರೆ ಡ್ರೈವ್ ಮೊದಲು ವೇಗ ಇಳಿಸುತ್ತದೆ, 7ನೇ ಸೆಕೆಂಡಿಗೆ ಎಸ್‌ಟಿಒ ಬೀಳುತ್ತದೆ. ಡ್ರೈವ್ ವೇಗ ಇಳಿಸದೇ ಇದ್ದರೂ ರಿಲೇ ಅಷ್ಟು ಹೊತ್ತಿಗೆ ಎಸ್‌ಟಿಒ ಬೀಳಿಸಿಯೇ ತೀರುತ್ತದೆ. ಡ್ರೈವ್‌ಗಳ ಸುರಕ್ಷತೆಯ ಮಾನದಂಡ ಐಇಸಿ 61800-5-2ರಲ್ಲಿ ಇದಕ್ಕೆ ಎಸ್‌ಎಸ್1 ಅಂತ ಹೆಸರು. ರಿಜಿಸ್ಟರ್‌ನಲ್ಲಿ ಟಿಕ್ ಕಾಲಂ ತೆಗೆದು ಸೆಕೆಂಡ್ ಕಾಲಂ ಮಾಡಿದ್ದೇವೆ. ಹಲ್ಲರ್ ಹತ್ತಿರ ಈಗ ನಾವಿಬ್ಬರೂ ಮಾತು ನಿಲ್ಲಿಸಿ ಕಾಯುತ್ತೇವೆ. ಸಿಳ್ಳೆ ಇಳಿಯುತ್ತದೆ, ಪುಲ್ಲಿ ನಿಲ್ಲುತ್ತದೆ, ಒಂದು ಸೆಕೆಂಡ್ ಬಿಟ್ಟು ಪ್ಯಾನೆಲ್ ಒಳಗೆ ಟಕ್ ಅನ್ನುತ್ತದೆ. ಆ ಟಕ್ ಕೇಳಿಸಿದ ಮೇಲೇ ಅವನು ಪೆನ್ ತೆಗೆಯುವುದು.