ಹೊಸ ಸ್ಟೀರಿಯೋಗೆ ಪವರ್ ಸರಿಯಾಗಿ ಬರುತ್ತಿಲ್ಲವೇ? ನಾನು ಹುಡುಕುವ ಕ್ರಮ ಇದು

ಕಾರಿನ ಹಳೇ ಸೆಟ್ ತೆಗೆದು ಹೊಸದು ಕೂರಿಸಿದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಇಷ್ಟೇ. ಸೆಟ್ ಆನ್ ಆಗುವುದೇ ಇಲ್ಲ. ಆನ್ ಆದರೂ ವಾಲ್ಯೂಮ್ ಏರಿಸಿದ ಕೂಡಲೇ ಆಫ್ ಆಗುತ್ತದೆ. ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್‌ಗಳು ಅಳಿಸಿಹೋಗುತ್ತವೆ. ಇಲ್ಲವೇ ಎರಡು ದಿನ ಗಾಡಿ ನಿಲ್ಲಿಸಿದರೆ ಬ್ಯಾಟರಿ ಕೂತುಬಿಡುತ್ತದೆ. ಇಂಥ ಕಡೆ ಸೆಟ್ಟೇ ಕೆಟ್ಟಿರುವುದು ಅಪರೂಪ. ತೊಂದರೆ ಇರುವುದು ಅದಕ್ಕೆ ಬರುವ ಹಳದಿ, ಕೆಂಪು, ಕಪ್ಪು ಈ ಮೂರು ವೈರ್‌ಗಳಲ್ಲಿ. ಅವನ್ನು ಬರೀ ಮೀಟರ್ ಇಟ್ಟು ನೋಡಿ "12 ವೋಲ್ಟ್ ಬರ್ತಿದೆ, ಸೆಟ್ ಡೆಡ್" ಎಂದು ತೀರ್ಮಾನಿಸಿದರೆ ಕೆಲಸ ಕೆಡುತ್ತದೆ. ಲೋಡ್ ಹಾಕಿ ಅಳೆಯಬೇಕು.

ಅದಕ್ಕೆ ನಾನು ಇಟ್ಟುಕೊಳ್ಳುವುದು ಎರಡೇ ಸಾಮಾನು. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಇನ್ನೊಂದು ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬು, ಹೋಲ್ಡರ್ ಸಮೇತ, ಎರಡು ಉದ್ದನೆಯ ವೈರ್, ತುದಿಗೆ ಕ್ರೊಕೊಡೈಲ್ ಕ್ಲಿಪ್. ಎಲ್‌ಇಡಿ ಬಲ್ಬು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಫಿಲಮೆಂಟಿನದ್ದೇ ಬೇಕು. ಮೀಟರ್ ಎಳೆಯುವ ಕರೆಂಟ್ ಮೈಕ್ರೋ ಆಂಪಿಯರ್ ಲೆಕ್ಕದ್ದು, ಬಲ್ಬು ಎಳೆಯುವುದು 1.75 ಆಂಪಿಯರ್. ಮಣ್ಣು ಕಟ್ಟಿದ ಪೈಪಿನಲ್ಲೂ ನಲ್ಲಿ ಮುಚ್ಚಿದ್ದಾಗ ಪ್ರೆಷರ್ ಪೂರ್ತಿ ಇರುತ್ತದೆ, ತಿರುಗಿಸಿದಾಗ ತಾನೇ ಬಂಡವಾಳ ಗೊತ್ತಾಗುವುದು? ವೈರಿನ ಜಾಯಿಂಟ್ ಒಂದರಲ್ಲಿ 1 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. ಮೀಟರ್ ನಿಶ್ಚಿಂತೆಯಿಂದ 12.4 ತೋರಿಸುತ್ತದೆ. ಬಲ್ಬು ಹಾಕಿದರೆ ಅದು ಒಂದೂವರೆ ವೋಲ್ಟ್ ಕುಸಿಯುತ್ತದೆ. ಸೆಟ್ ಜೋರಾಗಿ ಹಾಡುತ್ತಾ 5 ಆಂಪಿಯರ್ ಎಳೆಯಲು ಹೋದರೆ 5 ವೋಲ್ಟ್ ಅಲ್ಲೇ ನಷ್ಟ. ಅಷ್ಟರೊಳಗೆ ಸೆಟ್ ಆಫ್ ಆಗಿರುತ್ತದೆ, ಆಫ್ ಆದ ತಕ್ಷಣ ಮೀಟರಿನಲ್ಲಿ ಮತ್ತೆ 12.4. ಇದೇ ಜನರನ್ನು ದಾರಿ ತಪ್ಪಿಸುವುದು.

ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ, ಹೆಚ್ಚಿನ ಗಾಡಿಗಳಲ್ಲಿ 10ನೇ ನಂಬರ್ ಸ್ಪ್ಯಾನರ್ ಸಾಕು. ಏರ್‌ಬ್ಯಾಗ್ ಇರುವ ಗಾಡಿಯಾದರೆ ಕೆಲವು ನಿಮಿಷ ಸುಮ್ಮನಿದ್ದು ಆಮೇಲೆ ಕೈ ಹಾಕಿ. ಏರ್‌ಬ್ಯಾಗಿನ ಕನೆಕ್ಟರ್‌ಗಳೂ ಹಳದಿ ಬಣ್ಣದವೇ, ಅವುಗಳ ಹತ್ತಿರ ಬಲ್ಬು, ಮೀಟರ್ ಯಾವುದೂ ಸುಳಿಯಬಾರದು. ಹಳೇ ಸೆಟ್ಟಿಗೆ ಸೆಕ್ಯುರಿಟಿ ಕೋಡ್ ಇದ್ದರೆ ಟರ್ಮಿನಲ್ ತೆಗೆಯುವ ಮುಂಚೆಯೇ ಅದು ಕೈಯಲ್ಲಿರಲಿ. ಅಳೆಯುವ ಹೊತ್ತಿಗೆ ಟರ್ಮಿನಲ್ ಮತ್ತೆ ಹಾಕಿ, ಮೊದಲು ಬ್ಯಾಟರಿಯನ್ನೇ ಅಳೆಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.4. ಇದೇ ಇಲ್ಲದಿದ್ದರೆ ಸ್ಟೀರಿಯೋ ಪಕ್ಕಕ್ಕಿಟ್ಟು ಬ್ಯಾಟರಿ, ಆಲ್ಟರ್ನೇಟರ್ ನೋಡಿಸಿ.

ಬಣ್ಣದ ವಿಷಯ. ಹೊರಗಿನಿಂದ ಕೊಳ್ಳುವ ಸೆಟ್ಟುಗಳಲ್ಲಿ ಬಹುಮಟ್ಟಿಗೆ ಒಂದೇ ಪದ್ಧತಿ: ಹಳದಿ ಸದಾ ಇರುವ ಬ್ಯಾಟರಿ ಲೈನ್, ಕೆಂಪು ಕೀ ತಿರುಗಿಸಿದಾಗ ಬರುವ ಆಕ್ಸೆಸರಿ ಲೈನ್, ಕಪ್ಪು ಅರ್ಥಿಂಗ್, ಕಿತ್ತಳೆ ಪಾರ್ಕಿಂಗ್ ಲೈಟಿನದು, ನೀಲಿ ಮತ್ತು ನೀಲಿ-ಬಿಳಿ ಆಂಟೆನಾ, ಆಂಪ್ಲಿಫೈಯರ್‌ಗೆ ಸೆಟ್ ಹೊರಗೆ ಕೊಡುವ ಸಿಗ್ನಲ್. ಕಾರಿನ ಕಡೆಯ ಬಣ್ಣಗಳಿಗೆ ಇಂಥ ನಿಯಮವಿಲ್ಲ, ಕಂಪನಿಗೊಂದು ಬಣ್ಣ. ಆದ್ದರಿಂದ ಬಣ್ಣಕ್ಕೆ ಬಣ್ಣ ಸೇರಿಸುವ ಕೆಲಸಕ್ಕೆ ಹೋಗಬೇಡಿ. ಕಾರಿನ ಸಾಕೆಟ್ಟಿಗೂ ಸೆಟ್ಟಿನ ವೈರುಗಳಿಗೂ ನಡುವೆ ಸಿಕ್ಕಿಸುವ, ನಿಮ್ಮ ಮಾಡೆಲ್‌ನ ಕಪ್ಲರ್ ಬೆಂಗಳೂರಿನ ಜೆ.ಸಿ. ರೋಡ್‌ನಂಥ ಗಾಡಿ ಸಾಮಾನಿನ ಅಂಗಡಿಗಳ ಕಡೆ ಸುಲಭವಾಗಿ ಸಿಗುತ್ತದೆ. ಕಂಪನಿಯ ವೈರ್ ಕತ್ತರಿಸುವ ಬದಲು ಅದನ್ನು ಕೊಳ್ಳುವುದೇ ಅಗ್ಗ. ಕಪ್ಲರ್ ಹಾಕಿದ ಮೇಲೂ ಒಂದು ಸಲ ಅಳೆಯಲೇಬೇಕು. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ ಕಪ್ಲರಿನಲ್ಲಿ ಸಾಮಾನ್ಯವಾಗಿ 4ನೇ ಪಿನ್ ಬ್ಯಾಟರಿ, 7ನೇ ಪಿನ್ ಆಕ್ಸೆಸರಿ, 8ನೆಯದು ಅರ್ಥ್. ಹಳೆಯ ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ 4 ಮತ್ತು 7 ಅದಲುಬದಲಾಗಿರುತ್ತವೆ. ಅನೇಕ ಸೆಟ್ಟುಗಳ ಹಳದಿ, ಕೆಂಪು ವೈರಿನ ನಡುವೆ ಬಿಚ್ಚಿ ಸೇರಿಸುವ ಬುಲೆಟ್ ಜಾಯಿಂಟ್ ಇರುವುದು ಈ ಅದಲುಬದಲಿಗಾಗಿಯೇ. ಕೀ ತೆಗೆದಾಗ ನೆನಪು ಅಳಿಸಿಹೋಗುವ ಸೆಟ್ಟಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಹಳದಿಗೆ ಆಕ್ಸೆಸರಿ, ಕೆಂಪಿಗೆ ಬ್ಯಾಟರಿ ಸಿಕ್ಕಿದ್ದರೆ ಉಳಿದೆಲ್ಲ ಸರಿಯಾಗಿಯೇ ನಡೆಯುತ್ತದೆ, ಸ್ಟೇಷನ್ ಮಾತ್ರ ಉಳಿಯುವುದಿಲ್ಲ.

ಇನ್ನು ಅಳತೆ. ಬಲ್ಬಿನ ಒಂದು ಕ್ಲಿಪ್ ಕಾರಿನ ಬಾಡಿಗೆ, ಇನ್ನೊಂದು ಹಳದಿಗೆ ಹೋಗುವ ಪಿನ್ನಿಗೆ. ಕೀ ಇಲ್ಲದೆಯೂ ಬಲ್ಬು ಪೂರ್ತಿ ಬೆಳಗಬೇಕು. ಬೆಳಗುತ್ತಿರುವಾಗಲೇ ಆ ಪಿನ್ನಿನ ವೋಲ್ಟೇಜ್ ಅಳೆಯಿರಿ, ಬ್ಯಾಟರಿಯ ಮೇಲಿನದಕ್ಕಿಂತ ಅರ್ಧ ವೋಲ್ಟಿಗೂ ಮೀರಿ ಇಳಿದಿರಬಾರದು. ಬೆಳಗದಿದ್ದರೆ ಫ್ಯೂಸ್ ನೋಡಿ. ಸೆಟ್ಟಿನ ಬ್ಯಾಟರಿ ಲೈನು ಎಷ್ಟೋ ಗಾಡಿಗಳಲ್ಲಿ ರೂಫ್ ಲೈಟಿನ ಫ್ಯೂಸಿನಿಂದಲೇ ಬರುತ್ತದೆ, ಡಬ್ಬಿಯ ಮುಚ್ಚಳದ ಮೇಲೆ "ಡೋಮ್" ಎಂದೋ "ರೂಮ್" ಎಂದೋ ಬರೆದಿರುತ್ತಾರೆ. ರೂಫ್ ಲೈಟೂ ಸತ್ತಿದ್ದರೆ ಉತ್ತರ ಸಿಕ್ಕಂತೆಯೇ. ಫ್ಯೂಸ್ ಕೀಳದೆಯೇ ನೋಡಬಹುದು: ಅದರ ನೆತ್ತಿಯಲ್ಲಿ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ, ಎರಡರಲ್ಲೂ 12 ಬರಬೇಕು. ಒಂದರಲ್ಲಿ ಮಾತ್ರ ಬಂದರೆ ಸುಟ್ಟಿದೆ. ಕೆಂಪು ಬಣ್ಣದ ಬ್ಲೇಡ್ ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಿ. ಸೆಟ್ಟಿನ ಬೆನ್ನಿಗೂ ಒಂದು ಫ್ಯೂಸ್ ಇರುತ್ತದೆ, ಅದನ್ನು ಮರೆಯುವವರೇ ಜಾಸ್ತಿ.

ಕೆಂಪು ಲೈನಿಗೂ ಇದೇ ಪರೀಕ್ಷೆ, ಕೀ ಆಕ್ಸೆಸರಿಗೆ ತಿರುಗಿಸಿದಾಗ ಬರಬೇಕು, ತೆಗೆದಾಗ ಪೂರ್ತಿ ಹೋಗಬೇಕು. ಸಿಗರೇಟ್ ಲೈಟರ್ ಸಾಕೆಟ್ಟೂ ಹಲವು ಗಾಡಿಗಳಲ್ಲಿ ಇದೇ ಫ್ಯೂಸಿನ ಮೇಲೆ. ಅಗ್ಗದ ಮೊಬೈಲ್ ಚಾರ್ಜರ್ ಶಾರ್ಟ್ ಆದರೆ ಸ್ಟೀರಿಯೋ ಕೂಡ ಮಲಗುತ್ತದೆ. ಹೆಡ್‌ಲೈಟ್ ಹಾಕಿದಾಗ ಮಾತ್ರ ಸೆಟ್ ಆನ್ ಆಗುತ್ತಿದ್ದರೆ ಕೆಂಪನ್ನು ಪಾರ್ಕಿಂಗ್ ಲೈಟಿನ ಲೈನಿಗೆ ಸೇರಿಸಿದ್ದಾರೆ ಎಂದೇ ಅರ್ಥ. ಕೆಲವು ಗಾಡಿಗಳಲ್ಲಿ, ಉದಾಹರಣೆಗೆ ಪೋಲೋದಲ್ಲಿ, ಸೆಟ್ಟಿನ ಹಿಂದೆ ಆಕ್ಸೆಸರಿ ವೈರೇ ಇರುವುದಿಲ್ಲ. ಕೀ ತಿರುಗಿಸಿದ ಸುದ್ದಿ ಕ್ಯಾನ್ ಬಸ್ಸಿನಲ್ಲಿ, ಅಂದರೆ ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ವೈರುಗಳಲ್ಲಿ, ಡೇಟಾ ರೂಪದಲ್ಲಿ ಬರುತ್ತದೆ. ಅಲ್ಲಿ ಎಷ್ಟು ಹುಡುಕಿದರೂ 12 ವೋಲ್ಟ್ ಸಿಗದು, ಕ್ಯಾನ್ ವೈರಿಗೆ ಬಲ್ಬು ಹಚ್ಚಲೂಬಾರದು. ಕ್ಯಾನ್ ಬಸ್ ಡಬ್ಬಿ ಇರುವ ಕಪ್ಲರ್ ಹಾಕಿ. ಅಥವಾ ಫ್ಯೂಸ್ ಡಬ್ಬಿಯಲ್ಲಿ ಕೀ ಜೊತೆ ಬರುವ ಸ್ಲಾಟಿಗೆ ಫ್ಯೂಸ್ ಟ್ಯಾಪ್ (ಇರುವ ಫ್ಯೂಸಿನ ಜಾಗದಿಂದ ಇನ್ನೊಂದು ಲೈನ್ ತೆಗೆಯುವ ಕವಲು) ಸಿಕ್ಕಿಸಿ, 5 ಆಂಪಿಯರ್ ಫ್ಯೂಸ್ ಹಾಕಿ ಕೆಂಪಿಗೆ ಲೈನ್ ತನ್ನಿ. ಕೆಂಪು ವೈರ್ ಸೆಟ್ಟಿಗೆ ಬರೀ "ಏಳು" ಎಂದು ಹೇಳುವುದಷ್ಟೇ, ಹೆಚ್ಚಿನ ಕರೆಂಟ್ ಎಳೆಯುವುದು ಹಳದಿ.

ಇಲ್ಲಿಯವರೆಗಿನದು ಸುಲಭ. ನಿಜವಾಗಿ ತಲೆ ತಿನ್ನುವುದು ಕಪ್ಪು ವೈರ್. ಅರ್ಥಿಂಗ್ ಪೂರ್ತಿ ಬಿಟ್ಟುಹೋಗಿದ್ದರೂ ಸೆಟ್ ಆನ್ ಆಗುತ್ತದೆ, ಆಂಟೆನಾ ಕೇಬಲಿನ ಹೊರಗಿನ ಜಾಲರಿ ಕಾರಿನ ಬಾಡಿಗೆ ಸೇರಿರುವುದರಿಂದ ಕರೆಂಟ್ ಅದರ ಮೂಲಕವೇ ವಾಪಸ್ ಹೋಗುತ್ತದೆ. ಇಲ್ಲವೇ ಸೆಟ್ಟನ್ನು ಹಿಡಿದಿರುವ ಕಬ್ಬಿಣದ ಪಟ್ಟಿಯ ಸ್ಕ್ರೂಗಳ ಮೂಲಕ, ಅಥವಾ ಆಂಪ್ಲಿಫೈಯರ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲಿನ ಮೂಲಕ. ಸಣ್ಣ ವಾಲ್ಯೂಮಿನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಏರಿಸಿದರೆ ಡಿಸ್‌ಪ್ಲೇ ಮಂಕಾಗುತ್ತದೆ, ಬಾಸ್ ಹೊಡೆದಾಗಲೆಲ್ಲ ಮಿನುಗುತ್ತದೆ, ಎಂಜಿನ್ ರೇಸ್ ಮಾಡಿದಂತೆ ಸ್ಪೀಕರಿನಲ್ಲಿ ಕುಂಯ್ಯೆನ್ನುವ ಶಬ್ದವೂ ಏರುತ್ತದೆ. ಪತ್ತೆ ಹಚ್ಚುವುದು ಸುಲಭ: ಸೆಟ್ಟನ್ನು ಸ್ಕ್ರೂ ಬಿಚ್ಚಿ ಹೊರಗೆ ಎಳೆದು ಬಟ್ಟೆಯ ಮೇಲಿಡಿ, ಆರ್‌ಸಿಎ ಇದ್ದರೆ ಮೊದಲೇ ಆಫ್ ಮಾಡಿ ಕಳಚಿ, ಮತ್ತೆ ಆನ್ ಮಾಡಿ ಆಂಟೆನಾ ಪಿನ್ ಕೀಳಿರಿ. ಅದೇ ಕ್ಷಣ ಸೆಟ್ ಸತ್ತರೆ ಕಪ್ಪು ವೈರ್ ಕೆಲಸ ಮಾಡುತ್ತಿಲ್ಲ. ಆರ್‌ಸಿಎ ಕೇಬಲಿನ ಮೇಲೆ ಹೀಗೆ ಭಾರ ಬಿದ್ದರೆ ಕೆಲವು ಸೆಟ್ಟುಗಳ ಒಳಗಿನ ಸಣ್ಣ ಅರ್ಥ್ ಫ್ಯೂಸ್ ಸುಟ್ಟುಹೋಗಿ, ಆ ಶಬ್ದ ಆಮೇಲೆ ಶಾಶ್ವತವಾಗಿ ಉಳಿಯುತ್ತದೆ. ಅದಕ್ಕೇ ಸೆಟ್ ಆನ್ ಇರುವಾಗ ಆರ್‌ಸಿಎ ಎಳೆಯುವುದು, ಸಿಕ್ಕಿಸುವುದು ಬೇಡ.

ಅರ್ಥಿಂಗನ್ನು ಓಮ್‌ನಲ್ಲಿ ಅಳೆಯುವುದು ನನಗೆ ಸರಿಬರುವುದಿಲ್ಲ. ಅಗ್ಗದ ಮೀಟರಿನಲ್ಲಿ ಪ್ರೋಬ್ ವೈರಿನ ರೆಸಿಸ್ಟೆನ್ಸೇ ಅದಕ್ಕಿಂತ ಹೆಚ್ಚಿರುತ್ತದೆ. ಸೆಟ್ ಜೋರಾಗಿ ಹಾಡುತ್ತಿರಲಿ. ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಒಂದು ಪ್ರೋಬ್ ಸೆಟ್ಟಿನ ಕಪ್ಪು ವೈರಿಗೆ, ಇನ್ನೊಂದು ಉದ್ದ ವೈರ್ ಕಟ್ಟಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಮುಟ್ಟಿಸಿ. 0.1 ವೋಲ್ಟಿನ ಒಳಗಿದ್ದರೆ ಉತ್ತಮ. 0.3 ದಾಟಿದರೆ ಹೊಸ ಅರ್ಥ್ ಪಾಯಿಂಟ್ ಮಾಡುವುದೇ ವಾಸಿ. ಡ್ಯಾಶ್‌ಬೋರ್ಡಿನ ಹಿಂದಿನ ಕಬ್ಬಿಣದ ಅಡ್ಡಪಟ್ಟಿಯಲ್ಲಿ ಈಗಾಗಲೇ ಇರುವ ಬೋಲ್ಟ್ ಒಂದನ್ನು ಹಿಡಿಯಿರಿ. ಬರೀ ಪ್ಲಾಸ್ಟಿಕ್ ಹಿಡಿದಿರುವ ಸ್ಕ್ರೂ ಆಗದು. ಬಣ್ಣ ಕೆರೆದು ಲೋಹ ಹೊಳೆಯಬೇಕು, ರಿಂಗ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಉಂಗುರ), ಹಲ್ಲಿನ ವಾಷರ್ ಹಾಕಿ ಬಿಗಿದು ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಯಲ್ಲಿ ಈ ವ್ಯಾಸಲೀನ್ ಬಿಡಲೇಬಾರದು.

ಪವರ್, ಅರ್ಥ್ ಎರಡೂ ಸರಿಯಿದ್ದು, ಆನ್ ಆದ ಕೂಡಲೇ "ಪ್ರೊಟೆಕ್ಟ್" ಎಂದೋ "ಆಂಪ್ ಎರರ್" ಎಂದೋ ತೋರಿಸಿ ನಿಂತರೆ ಸ್ಪೀಕರ್ ವೈರಿಗೆ ಹೋಗಿ. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಪ್ಲಸ್, ಮೈನಸ್ ಎರಡೂ ವೈರಿನಲ್ಲಿ ಬಾಡಿಗೆ ಹೋಲಿಸಿದರೆ ಸುಮಾರು 6 ವೋಲ್ಟ್ ನಿಂತಿರುತ್ತದೆ. ಆದ್ದರಿಂದ ಮೈನಸ್ ವೈರನ್ನು ಬಾಡಿಗೆ ಸೇರಿಸುವಂತಿಲ್ಲ. ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಹಾಗೆ ಸೇರಿಸಿಯೇ ಬಂದಿರುತ್ತದೆ, ಅಲ್ಲಿ ಸ್ಪೀಕರಿಗೆ ಹೊಸದಾಗಿ ಎರಡೆರಡು ವೈರ್ ಎಳೆಯಬೇಕು. ಸ್ಪೀಕರ್ ಕಪ್ಲರ್ ಪೂರ್ತಿ ತೆಗೆದಾಗ ಸೆಟ್ ಆನ್ ಆಗಿ ನಿಂತರೆ, ಒಂದೊಂದೇ ಜೋಡಿ ಸೇರಿಸುತ್ತಾ ಹೋಗಿ. ಸೆಟ್ಟಿನಿಂದ ಬಿಡಿಸಿದ 4 ಓಮ್ ಸ್ಪೀಕರ್ ಮೀಟರಿನಲ್ಲಿ 3ರಿಂದ 4ರ ನಡುವೆ ತೋರಿಸಬೇಕು, ಬಾಡಿಗೆ ಏನೂ ತೋರಿಸಬಾರದು. ಬಾಗಿಲು ತೆರೆದು ಮುಚ್ಚುವ ಕಡೆಯ ರಬ್ಬರ್ ಕೊಳವೆಯೊಳಗೆ ವೈರ್ ಸವೆದು ಬಾಡಿಗೆ ತಾಗಿರುವುದು ಸಾಮಾನ್ಯ. ಅಂದಹಾಗೆ, ಡಬ್ಬಿಯ ಮೇಲಿನ "4×50 ವ್ಯಾಟ್" ನೋಡಿ ಫ್ಯೂಸ್ ದೊಡ್ಡದು ಮಾಡಬೇಡಿ. 10 ಆಂಪಿಯರ್ ಫ್ಯೂಸಿನಲ್ಲಿ 14 ವೋಲ್ಟಿಗೆ ಒಳಗೆ ಹೋಗುವುದೇ 140 ವ್ಯಾಟ್, 200 ಹೊರಗೆ ಎಲ್ಲಿಂದ ಬರಬೇಕು!

ಸೆಲ್ಫ್ ಹೊಡೆದಾಗ ಸೆಟ್ ಆಫ್ ಆಗಿ ಮತ್ತೆ ಬರುವುದು ದೋಷವಲ್ಲ, ಆ ಹೊತ್ತಿಗೆ ಆಕ್ಸೆಸರಿ ಲೈನನ್ನು ಇಗ್ನಿಷನ್ ಸ್ವಿಚ್ಚೇ ಕಡಿಯುತ್ತದೆ. ಆಂಡ್ರಾಯ್ಡ್ ಸೆಟ್ ಮೊದಲಿನಿಂದ ಬೂಟ್ ಆಗುತ್ತಿದ್ದರೆ ಮಾತ್ರ ಹಳದಿಯನ್ನು ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10 ವೋಲ್ಟಿನ ಕೆಳಗೆ ಇಳಿಯುತ್ತಿದ್ದರೆ ಅದಕ್ಕೆ ವಯಸ್ಸಾಗಿದೆ.

ಬ್ಯಾಟರಿ ಕೂರುವ ದೂರಿಗೆ ಮಾಮೂಲಿ ಕಾರಣ, ಕೀ ಇಲ್ಲದೆ ಹಾಡು ಕೇಳಲೆಂದು ಕೆಂಪು, ಹಳದಿ ಎರಡನ್ನೂ ಬ್ಯಾಟರಿ ಲೈನಿಗೇ ಸೇರಿಸಿಕೊಡುವುದು. ಆನ್ ಆಗಿಯೇ ಉಳಿದ ಸೆಟ್ 1 ಆಂಪಿಯರ್ ಎಳೆದರೂ 35 ಆಂಪಿಯರ್ ಅವರ್ ಬ್ಯಾಟರಿ 18 ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಅಳೆಯಬೇಕೆಂದರೆ ನೆಗೆಟಿವ್ ಟರ್ಮಿನಲ್ ತೆಗೆದು, ಕಂಬಕ್ಕೂ ಕೇಬಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಸೇರಿಸಿ. ಅಗ್ಗದ ಮೀಟರುಗಳಲ್ಲಿ ಈ ಸಾಕೆಟ್ಟಿಗೆ ಫ್ಯೂಸ್ ಇರುವುದಿಲ್ಲ, 10 ಆಂಪಿಯರನ್ನು ಕೆಲವೇ ಸೆಕೆಂಡು ತಡೆಯುತ್ತವೆ. ಮೀಟರ್ ಇರುವಾಗ ಇಗ್ನಿಷನ್, ಸೆಲ್ಫ್ ಮುಟ್ಟಬೇಡಿ. ಬಾಗಿಲು ಹಾಕಿ ಅರ್ಧ ಗಂಟೆ ಬಿಡಿ, ಗಾಡಿಯ ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 400 ಇದ್ದರೆ ದಿನಕ್ಕೆ 9.6 ಆಂಪಿಯರ್ ಅವರ್ ಹೋಗುತ್ತಿದೆ. ಸೆಟ್ಟಿನ ಹಿಂದಿನ ಫ್ಯೂಸ್ ಕಿತ್ತಾಗ ಅಂಕಿ ಬಿದ್ದರೆ ಕಳ್ಳ ಅದೇ, ಬೀಳದಿದ್ದರೆ ಸೆಟ್ಟನ್ನು ಬೈಯಬೇಡಿ.

ಜಾಯಿಂಟ್ ಬಗ್ಗೆ ನನ್ನದು ಹಟ. ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟಿನ ಅಂಟು ಬೇಸಿಗೆಯ ಡ್ಯಾಶ್‌ಬೋರ್ಡ್ ಶಾಖಕ್ಕೆ ಕರಗಿ ಜಾರುತ್ತದೆ. ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಇಲ್ಲವೇ ಒಳ್ಳೆಯ ಪ್ಲೈಯರಿನಲ್ಲಿ ಕ್ರಿಂಪ್ ಮಾಡಿ. ಹಳದಿ, ಕಪ್ಪಿಗೆ 1.5 ಚದರ ಮಿಲಿಮೀಟರ್ ವೈರ್, ಕೆಂಪಿಗೆ 0.75 ಸಾಕು. 0.5ರ ವೈರ್ ಮೂರು ಮೀಟರ್ ಎಳೆದು 8 ಆಂಪಿಯರ್ ಹರಿಸಿದರೆ 0.9 ವೋಲ್ಟ್ ವೈರಿನಲ್ಲೇ ಮುಗಿಯುತ್ತದೆ. ಬೇರೆ ಆಂಪ್ಲಿಫೈಯರ್ ಇದ್ದರೆ ಸೆಟ್ಟಿನ ಲೈನಿನಿಂದ ಕೊಡದೆ ಬ್ಯಾಟರಿಯಿಂದಲೇ ನೇರ ದಪ್ಪ ಕೇಬಲ್ ಎಳೆಯಿರಿ, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲಿ.

ನೀಲಿ ವೈರಿಗೆ ಹೊರಗಿನಿಂದ 12 ವೋಲ್ಟ್ ಕೊಡಬಾರದು, ಅದರಿಂದ ಕ್ಯಾಮೆರಾ, ಎಲ್‌ಇಡಿ ಪಟ್ಟಿ ಓಡಿಸಲೂಬಾರದು. ಆದರೆ ಫೋಕ್ಸ್‌ವ್ಯಾಗನ್‌ನಂಥ ಗಾಡಿಗಳಲ್ಲಿ ಎಫ್‌ಎಂ ಹೊಸ ಸೆಟ್ಟಿನಲ್ಲಿ ಬರೀ ಗೊರಗೊರ ಎನ್ನುತ್ತಿದ್ದರೆ ಇದೇ ನೀಲಿ ಬೇಕು. ಚಾವಣಿಯ ಆಂಟೆನಾದೊಳಗಿನ ಬೂಸ್ಟರಿಗೆ ಕಂಪನಿ ಸೆಟ್ ಆಂಟೆನಾ ಕೇಬಲಿನಲ್ಲೇ ಪವರ್ ಕಳಿಸುತ್ತಿರುತ್ತದೆ, ಹೊರಗಿನ ಸೆಟ್ ಕಳಿಸುವುದಿಲ್ಲ. ಪವರ್ ವೈರ್ ಇರುವ ಫಾಕ್ರಾ (ಇಂಥ ಗಾಡಿಗಳ ಆಂಟೆನಾ ಪ್ಲಗ್) ಅಡಾಪ್ಟರ್ ಕೇಳಿ ತಂದು, ಅದರ ಆ ಸಣ್ಣ ವೈರನ್ನು ಸೆಟ್ಟಿನ ನೀಲಿಗೆ ಸೇರಿಸಿ.